ಬೂದಿ ಬಣ್ಣದ ಆನೆ

ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ದೊಡ್ಡವರಿಗೂ ಸಣ್ಣವರಿಗೂ ಅವರು ‘ಸಕ್ಕರಿ ಚಿಗವ್ವ’. ನಾನು ಸೊಸೆಯಾಗಿ ಆ ಓಣಿಗೆ ಬಂದಾಗ ನನಗೆ ಹದಿನಾರು, ಅವರಿಗೆ ನಲವತ್ತು ದಾಟಿತ್ತು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ಅದರ ಆಚೆಯಿಂದ ಸಕ್ಕರೆ ಪಾಕದ ವಾಸನೆ ಬಂದ ದಿನ ನನಗೆ ಅಡಿಗೆಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಏನಾದರೊಂದು ನೆವ ಹುಡುಕಿ ಗೋಡೆಯ ಹತ್ತಿರ ಹೋಗುತ್ತಿದ್ದೆ.

ಗಿಡ್ಡ ಆಳು, ಬತ್ತಿದ ಮೈ. ಆದರೆ ಮಣಿಕಟ್ಟು ಮಾತ್ರ ಒಕ್ಕಲಿಗನ ಮಣಿಕಟ್ಟಿನಂತೆ ದಪ್ಪ. ವರ್ಷಗಟ್ಟಲೆ ಪಾಕ ತಿರುವಿ ತಿರುವಿ ಹಾಗಾಗಿತ್ತು. ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಬಣ್ಣ ಉಳಿದಿರುತ್ತಿತ್ತು. ಅದನ್ನು ನೋಡಿ ನಾವು ಇವತ್ತು ಮಾಡಿದ್ದು ಗಿಳಿಯೋ ಕಮಲವೋ ಎಂದು ಹೇಳುತ್ತಿದ್ದೆವು. ಪಾಕ ಒಲೆಯ ಮೇಲಿರುವಾಗ ಯಾರು ಮಾತಾಡಿಸಿದರೂ ಅವರು ತಿರುಗಿ ನೋಡುತ್ತಿರಲಿಲ್ಲ. ಒಮ್ಮೆ ನಮ್ಮ ಮಾವನವರೇ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದರು. ಪಾಕವನ್ನು ಅಚ್ಚಿಗೆ ಹೊಯ್ದು ಮುಗಿಸಿದ ಮೇಲೆಯೇ ಅವರು ಎದ್ದು ಬಂದು, ‘ಸಕ್ಕರಿಗೆ ದೊಡ್ಡವರು ಸಣ್ಣವರು ತಿಳಿಯಂಗಿಲ್ರಿ, ಕೈ ಬಿಟ್ರ ಹರಳ ಕಟ್ಟತೈತಿ’ ಎಂದರು. ಓಣಿಯಲ್ಲಿ ಮಾವನವರಿಗೆ ಅಂಥ ಉತ್ತರ ಕೊಟ್ಟವರು ಬೇರೆ ಯಾರೂ ಇರಲಿಲ್ಲ.

ಅವರ ತವರು ಸವಣೂರು. ಅಲ್ಲಿ ಅವರ ಅಪ್ಪ ಮಿಠಾಯಿ ಮಾಡುವವರು. ಅರಮನೆಯ ಲಗ್ನಗಳಿಗೆ ಸಕ್ಕರೆಯ ಗೊಂಬೆ, ಸಕ್ಕರೆಯ ಮಹಲು ಮಾಡಿಕೊಟ್ಟವರು. ಕಲಿಸಲು ಗಂಡುಮಕ್ಕಳನ್ನು ಕೂರಿಸಿಕೊಂಡರೆ, ಕಲಿತದ್ದು ಮಾತ್ರ ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ಮಗಳು. ಮದುವೆಯಾಗಿ ಹಾನಗಲ್ಲಿಗೆ ಬಂದು ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡಾಗ ಆ ಕಲಿಕೆಯೇ ಅವರ ಅನ್ನವಾಯಿತು.

ನಮ್ಮ ಕಡೆ ಗೌರಿ ಹುಣ್ಣಿಮೆ ಬಂತೆಂದರೆ ಸಕ್ಕರೆ ಆರತಿ. ಕಟ್ಟಿಗೆಯ ಜೋಡಿ ಅಚ್ಚಿನಲ್ಲಿ ಪಾಕ ಹೊಯ್ದು ತೆಗೆದ ಗಿಳಿ, ನವಿಲು, ತೇರು, ಆನೆ, ಕುದುರೆಗಳನ್ನು ತಾಟಿನಲ್ಲಿಟ್ಟು ಗೌರಿಗೆ ಬೆಳಗುತ್ತೇವೆ. ಮದುವೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಈ ಆರತಿ ಹೋಗಲೇಬೇಕು. ಹುಣ್ಣಿಮೆಯ ಸಂಜೆ ಓಣಿಯ ಮನೆಮನೆಯಲ್ಲೂ ಚಿಗವ್ವನ ಕೈಯ ಗೊಂಬೆಗಳೇ ಇರುತ್ತಿದ್ದವು. ಚಿಗವ್ವ ಮಾತ್ರ ಆ ಹೊತ್ತಿಗೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಅಚ್ಚು ತೊಳೆಯುತ್ತ ಕೂತಿರುತ್ತಿದ್ದರು. ವಿಧವೆಯನ್ನು ಆರತಿಗೆ ಯಾರೂ ಕರೆಯುತ್ತಿರಲಿಲ್ಲ. ‘ನಿಮಗ ಬ್ಯಾಸರ ಆಗೂದಿಲ್ಲೇನು?’ ಎಂದು ನಾನು ಒಮ್ಮೆ ಕೇಳಿದೆ. ‘ಅಚ್ಚನ್ನ ಅವತ್ತಿಂದವತ್ತ ತೊಳೀಬೇಕವ್ವಾ, ಇಲ್ಲಾಂದ್ರ ಇರಿವಿ ಹತ್ತತಾವ’ ಎಂದರು. ನಾನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಮತ್ತೆ ಕೇಳುವ ಧೈರ್ಯವೂ ನನಗಾಗಲಿಲ್ಲ.

ನಾನು ಹೇಳಹೊರಟಿರುವುದು ಯುದ್ಧದ ಕಾಲದ ಮಾತು. ಸಕ್ಕರೆ ಕಾರ್ಡಿನ ಮೇಲೆ ಸಿಗುತ್ತಿತ್ತು. ಹುಣ್ಣಿಮೆಗೆ ಬೇಕೆಂದು ನಾಲ್ಕೈದು ತಿಂಗಳು ಚಹಾಕ್ಕೆ ಬೆಲ್ಲ ಹಾಕಿ ಸಕ್ಕರೆ ಉಳಿಸಬೇಕಾಗಿತ್ತು. ಮುಂಬಯಿಯಿಂದ ಬರುತ್ತಿದ್ದ ತಿನ್ನುವ ಬಣ್ಣದ ಡಬ್ಬಿಗಳು ನಿಂತುಹೋಗಿದ್ದವು. ಹಿತ್ತಾಳೆ ಪಾತ್ರೆಗಳ ಒಳಮೈಗೆ ಹಾಕುವ ಕಲಾಯಿಗೆ ಬೇಕಾದ ತವರವೇ ಪೇಟೆಯಲ್ಲಿ ಸಿಗದೆ, ಕಲಾಯಿ ಹಾಕುವವನು ಓಣಿಗೆ ಬರುವುದನ್ನೇ ಬಿಟ್ಟಿದ್ದ. ಆಗ ದೊಡ್ಡ ಮನೆತನದ ಹೆಂಗಸೊಬ್ಬಳು ಸೀರೆಗೆ ಹಾಕುವ ಬಣ್ಣದ ಪುಡಿ ತಂದು, ‘ಇದನ್ನ ಹಾಕಿ ಮಾಡಿಕೊಡು, ಯಾರಿಗೆ ತಿಳೀತೈತಿ’ ಎಂದಳು. ಚಿಗವ್ವ ಆ ಪೊಟ್ಟಣ ತೆಗೆದುಕೊಂಡು ನೇರವಾಗಿ ತಿಪ್ಪೆಗೆ ನಡೆದು ಸುರುವಿ ಬಂದರು. ‘ನನಗ ತಿಳೀತೈತಿ’ ಎಂದರು, ಅಷ್ಟೇ. ಆ ಮನೆಯವರು ಮತ್ತೆಂದೂ ಅವರ ಹತ್ತಿರ ಆರತಿ ಮಾಡಿಸಲಿಲ್ಲ.

ಆ ವರ್ಷ ನನ್ನ ಮೈದುನನಿಗೆ ಹಿರೇಕೆರೂರಿನ ಅರಳೆ ವ್ಯಾಪಾರಿಗಳ ಮನೆಯ ಹುಡುಗಿ ನಿಶ್ಚಯವಾಗಿದ್ದಳು. ಆರತಿ ಕಳಿಸಬೇಕಾಗಿತ್ತು. ಧಾರವಾಡದಲ್ಲಿ ಓದುತ್ತಿದ್ದ ಮೈದುನ ರಜೆಗೆ ಬಂದವನು, ‘ಪ್ರತಿ ವರ್ಷ ಗುಲಾಬಿ ಆನಿ, ಹಸರ ಆನಿ! ಖರೇ ಆನಿ ಬಣ್ಣದ್ದು ಮಾಡಾಕ ಬರೂದಿಲ್ಲೇನು ನಿಮ್ಮ ಚಿಗವ್ವಗ?’ ಎಂದು ನಕ್ಕ. ಅತ್ತೆಗೆ ಆ ಮಾತು ಹಿಡಿಸಿತು. ಬೀಗರ ಊರಿನಲ್ಲಿ ಯಾರೂ ನೋಡಿರದಂಥದ್ದು ಹೋಗಬೇಕು ಎಂದು ನನ್ನನ್ನು ಕರೆದುಕೊಂಡು ಚಿಗವ್ವನ ಮನೆಗೆ ಹೋದರು.

‘ಬೂದಿ ಬಣ್ಣದ್ದೇನು?’ ಎಂದು ಚಿಗವ್ವ ಕೇಳಿದರು. ‘ಬೂದಿ ಬಣ್ಣ ಡಬ್ಬಿಯೊಳಗ ಬರೂದಿಲ್ಲ. ಕೂಡಿಸಿ ಮಾಡಬೇಕು. ಮಾಡ್ತೇನಿ ಬಿಡ್ರಿ.’

ಅದನ್ನು ಮಾಡಿದ ದಿನ ನಾನು ಅವರ ಹತ್ತಿರ ಕೂತಿದ್ದೆ. ಗೇಣುದ್ದದ ಆನೆಯನ್ನು ಮೊದಲು ಬಿಳಿಯ ಪಾಕದಲ್ಲೇ ಎರಕ ಹೊಯ್ದು ತೆಗೆದಿದ್ದರು. ಅದರ ಮೇಲೆ ಬಳಿಯಲು ಸಕ್ಕರೆಯನ್ನು ಹಿಟ್ಟಿನಂತೆ ಕುಟ್ಟಿ, ವಸ್ತ್ರಗಾಳಿಸಿ, ನಿಂಬೆರಸ ಮತ್ತು ಒಂದೆರಡು ಹನಿ ಹಾಲು ಹಾಕಿ ಬೆಣ್ಣೆಯಂಥ ಲೇಪ ಕಲಸಿದರು. ಬಣ್ಣ ಬೀಳಬೇಕಾದದ್ದು ಈ ಲೇಪಕ್ಕೆ.

‘ಕಾಡಿಗಿ ಹಾಕಿದ್ರ ಆತಲ್ಲ ಚಿಗವ್ವಾ? ಬಿಳಿಗೆ ಕರಿ ಕೂಡಿದ್ರ ಬೂದಿ’ ಎಂದೆ ನಾನು, ಜಾಣೆಯಂತೆ.

ಅವರು ಒಂದು ಚಿಟಿಕೆ ಲೇಪವನ್ನು ತಾಟಿನ ಅಂಚಿಗೆ ಹಚ್ಚಿ, ಒಲೆಯ ಮಸಿ ಮುಟ್ಟಿದ ಬೆರಳಿನಿಂದ ಕಲಸಿದರು. ಬೂದಿ ಬಣ್ಣವೇನೋ ಬಂತು. ಆದರೆ ಕೆಸರು ಹತ್ತಿದ ಅರಿವೆಯಂತೆ ಕಂಡಿತು. ‘ಇದು ಹೆಣದ ಬಣ್ಣ. ಈಗ ಆನಿ ಬಣ್ಣ ನೋಡು’ ಎಂದು ಮೂರು ಸಣ್ಣ ಡಬ್ಬಿ ತೆಗೆದರು. ಕೆಂಪು, ನೀಲಿ, ಹಳದಿ. ಮೂರರಲ್ಲೂ ತಳ ಕಾಣುತ್ತಿತ್ತು. ಒಂದೊಂದನ್ನೂ ಬೇರೆ ಬೇರೆ ಬಟ್ಟಲಲ್ಲಿ ಹನಿ ನೀರಿಗೆ ಕರಗಿಸಿಕೊಂಡು, ಲೇಪಕ್ಕೆ ಮೊದಲು ನೀಲಿ ಬಿಟ್ಟರು, ಅದರ ಮೇಲೆ ಕೆಂಪು. ತಿರುವಿದಾಗ ನೇರಳೆ ಹಣ್ಣಿನ ಬಣ್ಣವಾಯಿತು. ಆಮೇಲೆ ಕಡ್ಡಿಯ ತುದಿಯಿಂದ ಹಳದಿ, ಒಂದು ಹನಿ. ತಿರುವಿದರು. ಇನ್ನೊಂದು ಹನಿ. ನೇರಳೆ ಕಣ್ಣೆದುರೇ ಸತ್ತುಹೋಯಿತು. ಮೂರು ಬಣ್ಣ ಸೇರಿ ಯಾವ ಬಣ್ಣವೂ ಇಲ್ಲದಂತಾಯಿತು. ಆದರೂ ಅದರೊಳಗೆ ಏನೋ ಮಿಸುಕಾಡುತ್ತಿದೆ ಅನಿಸುತ್ತಿತ್ತು.

‘ಸ್ವಲ್ಪ ಕಂದು ಕಾಣತೈತಿ’ ಎಂದೆ.

‘ಕಾಣಲಿ. ಒಣಗಿದ ಮ್ಯಾಲ ನೀಲಿ ಎದ್ದು ಬರ್ತೈತಿ. ಹಸಿ ಇದ್ದಾಗ ಸರಿ ಅನ್ನಿಸಿದ್ರ ಒಣಗಿದಾಗ ಕೆಡತೈತಿ.’

ಮರುದಿನ ನೋಡಿದರೆ ಅದು ಚಿಕ್ಕಂದಿನಲ್ಲಿ ಸವಣೂರಿನ ಅರಮನೆಯಲ್ಲಿ ನೋಡಿದ್ದೆ ಎಂದು ಅವರು ಹೇಳುತ್ತಿದ್ದ ಆನೆಯೇ. ಕಿವಿಯ ಅಂಚಿಗೆ ಮಾತ್ರ ಒಂದಿಷ್ಟು ಕೆಂಪು ಉಳಿಸಿದ್ದರು. ಅತ್ತೆ ಅದನ್ನು ಎತ್ತಿ ತಿರುಗಿಸಿ ನೋಡಿ, ತಾವೇ ಮೆತ್ತನೆಯ ಅರಿವೆಯಲ್ಲಿ ಸುತ್ತಿ ತಾಟಿನ ನಡುವೆ ಇಟ್ಟುಕೊಂಡರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಆರತಿಯ ಜೊತೆ ಬೀಗರ ಮನೆಗೆ ಹುಣಸೆ ಬುತ್ತಿ ಹೋಗುವುದು ರೂಢಿ. ಹುಳಿ ಅನ್ನ ಎರಡು ಮೂರು ದಿನ ಕೆಡುವುದಿಲ್ಲ. ನಮ್ಮ ಮನೆಯಲ್ಲಿ ಹಿತ್ತಾಳೆಯ ಎರಡು ಡಬರಿ ಇದ್ದವು, ಹೊರಗಿನಿಂದ ನೋಡಿದರೆ ಅವಳಿ ಮಕ್ಕಳಂತೆ ಒಂದೇ. ಒಂದರ ಕಲಾಯಿ ಗಟ್ಟಿಯಿತ್ತು. ಇನ್ನೊಂದರದ್ದು ತಳದಲ್ಲಿ ಪೂರಾ ಹೋಗಿ ಹಳದಿ ಹಿತ್ತಾಳೆ ಕಾಣುತ್ತಿತ್ತು. ‘ಅದರಾಗ ಹುಳಿ ಹಾಕಬ್ಯಾಡ, ಕಿಲುಬು ಬಿಡತೈತಿ, ವಿಷ ಅದು’ ಎಂದು ಅತ್ತೆ ಹತ್ತು ಸಲ ಹೇಳಿದ್ದರು. ಬಂಡಿ ಹೊರಡುವ ನಸುಕಿನಲ್ಲಿ ನೋಡುತ್ತೇನೆ, ಒಳ್ಳೆಯ ಡಬರಿಯ ತುಂಬ ನಾನೇ ಹಿಂದಿನ ದಿನ ಹೆಪ್ಪು ಹಾಕಿದ ಮೊಸರು. ಹೊರಗೆ ಎತ್ತಿನ ಗಂಟೆ. ಅತ್ತೆ ‘ಆತೇನ?’ ಎಂದು ಕೂಗುತ್ತಿದ್ದಾರೆ. ನಾನು ಕೆಟ್ಟ ಡಬರಿಗೇ ಬುತ್ತಿ ತುಂಬಿ, ಮುಚ್ಚಳ ಇಟ್ಟು, ಬಿಗಿಯಾಗಿ ಅರಿವೆ ಕಟ್ಟಿಕೊಟ್ಟೆ. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ.

ಆದರೆ ಬಂಡಿ ಅವತ್ತು ತಿಳವಳ್ಳಿಯಲ್ಲಿ ನಂಟರ ಮನೆಯಲ್ಲಿ ತಂಗಿ, ಹಿರೇಕೆರೂರು ಮುಟ್ಟಿದ್ದು ಮರುದಿನ ಹುಣ್ಣಿಮೆಯ ಮಧ್ಯಾಹ್ನ. ಸಂಜೆ ಆರತಿಯಾಯಿತು. ಆನೆಯನ್ನು ನೋಡಲು ಓಣಿಯ ಜನವೆಲ್ಲ ಬಂದಿದ್ದರಂತೆ. ಊಟದ ಹೊತ್ತಿಗೆ ಹಿರಿಯರು ಬುತ್ತಿಯ ಮೇಲುಭಾಗವನ್ನು ಒಂದೊಂದು ತುತ್ತು ಉಂಡರು. ಮರುದಿನ ಬೆಳಗಾಗುವ ಮೊದಲೇ ಅತ್ತೆ ಮತ್ತು ಜೊತೆಯವರು ಬಂಡಿ ಹೂಡಿಸಿ ತಿರುಗಿ ಹೊರಟರು. ಅವರು ಹೊರಟ ಮೇಲೆ ಆ ಮನೆಯ ನಾಲ್ಕು ಮಕ್ಕಳು ಎದ್ದು, ತಳದಲ್ಲಿ ಉಳಿದಿದ್ದ ಬುತ್ತಿಯನ್ನು ಬಳಿದು ತಿಂದು, ಆನೆಯ ಕಾಲು ಮುರಿದುಕೊಂಡು ಬಾಯಿಗೆ ಹಾಕಿಕೊಂಡವು.

ನಮ್ಮವರು ಹಾನಗಲ್ಲಿಗೆ ಬಂದ ಮರುದಿನ ಮಧ್ಯಾಹ್ನದ ಮೋಟಾರಿಗೆ ಹುಡುಗಿಯ ಕಾಕಾ ಬಂದಿಳಿದರು. ಪಡಸಾಲೆಗೆ ಬಂದವರು ಕಾಲು ತೊಳೆಯಲಿಲ್ಲ, ಕೂಡಲಿಲ್ಲ. ಕೈಯಲ್ಲಿದ್ದ ಗಂಟನ್ನು ಮಾವನವರ ಎದುರಿಗೆ ಇಟ್ಟು ಬಿಚ್ಚಿದರು.

‘ನಿಮ್ಮ ಸೀರಿ. ನಿಮ್ಮ ತಾಟು. ನಿಮ್ಮ ಡಬರಿ. ಇನ್ನ ನಮಗ ನಿಮಗ ಏನೂ ಉಳದಿಲ್ಲರಿ.’

ಆಮೇಲೆ ಜೋಳಿಗೆಯಿಂದ ಒಂದು ಸಣ್ಣ ಅರಿವೆಯ ಗಂಟು ತೆಗೆದು ಬಿಚ್ಚಿದರು. ಅದರಲ್ಲಿ ಕಾಲು ಮುರಿದ ಆನೆ.

ನಾಲ್ಕೂ ಮಕ್ಕಳಿಗೆ ವಾಂತಿ ಹತ್ತಿತ್ತು. ಮೂರು ಸುಧಾರಿಸಿದ್ದವು. ಮದುವೆಯ ಹುಡುಗಿಯ ಕಿರಿಯ ತಮ್ಮ, ಏಳು ವರ್ಷದವನು, ಕಣ್ಣು ತೆರೆದಿರಲಿಲ್ಲ. ‘ಬೂದಿ ತಿನಿಸೀರಿ ನಮ್ಮ ಮಕ್ಕಳಿಗೆ’ ಎಂದರು ಕಾಕಾ. ‘ಬಣ್ಣ ಅಲ್ಲ ಅದು. ಅಂಥ ಬಣ್ಣ ಯಾವ ಡಬ್ಬಿಯೊಳಗೂ ಇಲ್ಲಂತ ಊರಾಗ ಎಲ್ಲಾರೂ ಹೇಳ್ತಾರ. ಮಾಡಿದಾಕಿ ಯಾರು? ಯಾವ ಬೂದಿ ಹಾಕ್ಯಾಳ? ಒಲಿ ಬೂದಿನೋ, ಸುಡಗಾಡ ಬೂದಿನೋ?’

ಅಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಸುಡುಗಾಡು ಎಂಬ ಮಾತು ಅವರ ನಡುವೆ ಓಡಿಹೋದದ್ದು ನನಗೆ ಒಳಬಾಗಿಲಿನಿಂದ ಕಂಡಿತು. ನನ್ನ ಕಣ್ಣು ಡಬರಿಯ ಮೇಲಿತ್ತು. ಮದುವೆಯಾಗಿ ಐದು ವರ್ಷವಾಗಿ ನನಗೆ ಮಕ್ಕಳಿರಲಿಲ್ಲ. ನನ್ನ ಗಂಡನಿಗೆ ಇನ್ನೊಂದು ಲಗ್ನ ಮಾಡುವ ಮಾತು ಆ ಮನೆಯಲ್ಲಿ ಎರಡು ಸಲ ಬಂದು ಹೋಗಿತ್ತು. ಮೂರನೆಯ ಸಲಕ್ಕೆ ಒಂದು ನೆವ ಸಾಕಾಗಿತ್ತು. ಅತ್ತೆ ನನ್ನ ಕಡೆ ತಿರುಗಿ, ‘ಹಿತ್ತಲಿಂದ ಹೋಗಿ ಅಕಿನ್ನ ಕರಕೊಂಡ ಬಾ’ ಎಂದರು.

ಚಿಗವ್ವ ಹಿತ್ತಲಲ್ಲಿ ಅಚ್ಚುಗಳನ್ನು ಒಣಗಲು ಹರವುತ್ತಿದ್ದರು. ನಾನು ತೊದಲುತ್ತ ಹೇಳಿದೆ. ಬೂದಿಯ ಮಾತನ್ನೂ ಹೇಳಿದೆ. ಡಬರಿಯ ಮಾತು ಮಾತ್ರ ಹೇಳಲಿಲ್ಲ.

‘ಹುಡುಗ ಹೆಂಗದಾನ?’ ಎಂದರು ಅವರು ಮೊದಲು. ‘ಕಣ್ಣ ತೆರದಿಲ್ಲಂತ’ ಎಂದೆ. ಸೆರಗು ಹೊದ್ದುಕೊಂಡು ನನ್ನ ಮುಂದೆ ಮುಂದೆ ನಡೆದರು.

ಚಿಗವ್ವ ಪಡಸಾಲೆಗೆ ಬಂದು ನಿಂತು ನೇರವಾಗಿ ಕಾಕಾನನ್ನೇ ಕೇಳಿದರು: ‘ಹುಡುಗಗ ಹಾಲು ಕುಡಸಾಕತ್ತೀರೇನ್ರಿ?’

‘ಡಾಕ್ಟರ್ ಹೇಳ್ಯಾರ. ಗಂಟೆಗೊಮ್ಮೆ ಕುಡಸಾಕತ್ತೇವಿ. ಅದನ್ನ ಕೇಳಾಕ ನೀ ಯಾರು?’

‘ಆನಿ ಮಾಡಿದಾಕಿ’ ಎಂದು ಹೇಳಿ, ‘ಆನಿ ಜೋಡಿ ಮತ್ತೇನು ತಿಂದಿದ್ವು ಮಕ್ಕಳು?’ ಎಂದರು.

‘ಬುತ್ತಿ. ಅದನ್ನ ನಾವೂ ಉಂಡೇವಿ. ನಮಗೇನೂ ಆಗಿಲ್ಲ.’

ಚಿಗವ್ವ ಕೆಳಗೆ ಇಟ್ಟಿದ್ದ ಡಬರಿಯತ್ತ ನೋಡಿದರು. ಬಾಗಿ ಮುಚ್ಚಳ ತೆಗೆದರು. ತೊಳೆದು ತಂದಿದ್ದರು, ಆದರೂ ತಳದಲ್ಲಿ ಹಿತ್ತಾಳೆ ಹಳದಿಯಾಗಿ ಹೊಳೆಯುತ್ತಿತ್ತು. ಮುಚ್ಚಳದ ಅಂಚಿನಲ್ಲಿ ತೆಳ್ಳಗೆ ಹಸಿರು ಗೆರೆ. ನಾನು ನಿಂತಲ್ಲಿಂದ ನನಗೆ ಅದು ಕಾಣುತ್ತಿರಲಿಲ್ಲ, ಆದರೆ ಅಲ್ಲಿ ಅದು ಇದೆ ಎಂದು ನನಗೆ ಗೊತ್ತಿತ್ತು. ಅವರು ತಲೆಯೆತ್ತಿ ಒಳಬಾಗಿಲಿನತ್ತ, ನನ್ನತ್ತ ನೋಡಿದರು. ಎಷ್ಟು ಹೊತ್ತು ನೋಡಿದರೋ ತಿಳಿಯದು. ಆಮೇಲೆ ಮುಚ್ಚಳವನ್ನು ಸಪ್ಪಳವಾಗದಂತೆ ಅದರ ಮೇಲಿಟ್ಟರು.

‘ಗೌಡ್ರ,’ ಎಂದರು ಮಾವನವರಿಗೆ, ‘ಬೂದಿ ಅನ್ನೂದು ಬಣ್ಣದ ಹೆಸರು, ಸಾಮಾನಿನ ಹೆಸರಲ್ಲ. ಇಲ್ಲೆ ಎಲ್ಲಾರ ಮುಂದ ಮಾಡಿ ತೋರಸ್ತೇನಿ. ಮಾಡಿದ್ದನ್ನ ನಾನ ತಿಂತೇನಿ.’ ನನಗೆ ಹೇಳಿದರು: ‘ಹೋಗವ್ವಾ, ನನ್ನ ಗ್ವಾಡಿ ಮಾಡದಾಗಿನ ಮೂರು ಡಬ್ಬಿ, ಕುಟ್ಟಿದ ಸಕ್ಕರಿ, ಬಿಳಿ ಪಿಂಗಾಣಿ ಬಟ್ಟಲಾ ತೊಗೊಂಡ ಬಾ.’

ತಂದುಕೊಟ್ಟೆ. ಅವರು ಪಡಸಾಲೆಯ ನಡುವೆ ಕೂತರು. ಬಟ್ಟಲನ್ನು ಹಿಡಿದುಕೊಳ್ಳಲು ನನ್ನನ್ನೇ ಕೂರಿಸಿಕೊಂಡರು. ಸಕ್ಕರೆಗೆ ನಿಂಬೆ ಹಿಂಡಿ, ಹಾಲಿನ ಹನಿ ಬಿಟ್ಟು ಲೇಪ ಕಲಸಿದರು. ಕಾಕಾ ಮೂರೂ ಡಬ್ಬಿಗಳನ್ನು ಮೂಸಿ, ಬೆರಳಿಗೆ ಹಚ್ಚಿಕೊಂಡು ನೋಡಿ ಕೊಟ್ಟರು. ಡಬ್ಬಿಗಳಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ನೀಲಿಯ ಡಬ್ಬಿಯಲ್ಲಂತೂ ತಳದಲ್ಲಿ ಒಂದು ಚಿಟಿಕೆ, ಅಂಚಿಗೆ ಅಂಟಿದ ಧೂಳು, ಅಷ್ಟೇ.

ಮೊದಲು ನೀಲಿ. ಅದರ ಮೇಲೆ ಕೆಂಪು. ನೇರಳೆಯಾಯಿತು. ಜನ ಕತ್ತು ಚಾಚಿದರು. ಹಳದಿಯನ್ನು ಕಡ್ಡಿಯಿಂದ ಎತ್ತುವಾಗ ನನ್ನ ಕಣ್ಣು ಡಬರಿಯತ್ತ ಹೋಗಿ ಬಟ್ಟಲು ಕಡ್ಡಿಗೆ ತಾಕಿತು. ಒಂದು ಹನಿ ಬೀಳಬೇಕಾದಲ್ಲಿ ಮೂರು ಹನಿ ಬಿದ್ದವು. ಲೇಪ ಹಸಿರಿಗೆ ತಿರುಗಿ, ಸೆಗಣಿಯ ಬಣ್ಣವಾಯಿತು.

‘ಇದೇನು ಆನಿ ಬಣ್ಣ?’ ಎಂದು ಯಾರೋ ನಕ್ಕರು. ‘ಬೂದಿ ಇಲ್ಲದ ಬೂದಿ ಬಣ್ಣ ಹೆಂಗ ಬರಬೇಕು?’ ಎಂದಿತು ಇನ್ನೊಂದು ದನಿ. ಕಾಕಾ ಎದ್ದು ನಿಂತರು.

ಚಿಗವ್ವ ತಲೆ ಎತ್ತಲಿಲ್ಲ. ‘ಬಟ್ಟಲಾ ಗಟ್ಟಿ ಹಿಡಿ’ ಎಂದರು, ನನಗೆ ಮಾತ್ರ ಕೇಳುವಂತೆ. ಆಮೇಲೆ ಕೆಂಪು ಒಂದು ಹನಿ. ತಿರುವಿದರು. ಹಸಿರು ಇಳಿದು ಕಂದಾಯಿತು. ಇನ್ನು ನೀಲಿ ಬೇಕು, ನೀಲಿ ಇಲ್ಲ. ಅವರು ಖಾಲಿ ಡಬ್ಬಿಗೆ ಎರಡು ಹನಿ ನೀರು ಬಿಟ್ಟು, ಮುಚ್ಚಿ, ಅಂಗೈಯಲ್ಲಿ ಹೊರಳಿಸಿ ಹೊರಳಿಸಿ, ಅಂಚಿನ ಧೂಳನ್ನೆಲ್ಲ ತೊಳೆದು ಬಟ್ಟಲಿಗೆ ಬಗ್ಗಿಸಿದರು. ಮೂರು ಡಬ್ಬಿಯೂ ಖಾಲಿಯಾದವು. ಆ ವರ್ಷ ಅವರ ಹತ್ತಿರ ಇದ್ದ ಬಣ್ಣ ಅಷ್ಟೇ. ಯುದ್ಧ ಮುಗಿಯುವವರೆಗೆ ಮತ್ತೆ ಸಿಗುವ ಭರವಸೆಯೂ ಇರಲಿಲ್ಲ. ಕಡ್ಡಿ ತಿರುಗಿತು. ಒಂದು ಸುತ್ತು, ಎರಡು ಸುತ್ತು. ಕಂದು ಕರಗತೊಡಗಿತು. ಬಟ್ಟಲ ಅಂಚಿನಿಂದ ಒಳಕ್ಕೆ ಬೂದಿ ಬಣ್ಣ ಹಬ್ಬಿತು.

ಕಾಕಾ ಮುರಿದ ಆನೆಯನ್ನು ತಂದು ಬಟ್ಟಲ ಪಕ್ಕಕ್ಕೆ ಹಿಡಿದರು. ಹಸಿಯದು ತುಸು ಕಂದಾಗಿತ್ತು, ಆದರೆ ಬಣ್ಣ ಅದೇ. ಚಿಗವ್ವ ಬೆರಳಿನಿಂದ ಬಟ್ಟಲನ್ನು ಬಳಿದು ತಿಂದರು.

‘ಈಗ ಮಾಡಿದ್ದು ಬ್ಯಾರೆ ಇರಬಹುದಲ್ಲ’ ಎಂದರು ಕಾಕಾ. ಅವರ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

‘ಹಂಗಾದ್ರ ಅದನ್ನ ಕೊಡ್ರಿ.’

ಅವರು ಆನೆಯನ್ನು ಇಸಿದುಕೊಂಡು ಸೊಂಡಿಲು ಮುರಿದರು, ತಲೆ ಮುರಿದರು. ಮುಂದಿನ ಕಾಲು, ಹೊಟ್ಟೆ. ಗಟ್ಟಿ ಸಕ್ಕರೆಯನ್ನು ಕಟಕಟ ಕಡಿದು ನುಂಗಿದರು. ಅಷ್ಟು ಸಕ್ಕರೆಯನ್ನು ಒಂದೇ ಸಲ ಯಾರೂ ತಿನ್ನಲಾರರು. ಕಣ್ಣಲ್ಲಿ ನೀರು ಬಂತು, ಆದರೂ ನಿಲ್ಲಿಸಲಿಲ್ಲ. ನಾನು ನೀರಿನ ತಂಬಿಗೆ ತಂದರೆ ಕೈಯಿಂದ ದೂರ ಸರಿಸಿದರು. ‘ನೀರಾಗ ಔಷಧ ಕುಡದಳು ಅಂದಾರು. ಸಂಜಿ ಮೋಟಾರು ಬರೂತನಕ ಇಲ್ಲೆ ಕುಂತಿರ್ತೇನಿ. ನನಗ ಏನರ ಆದ್ರ ನಿಮ್ಮ ಮಾತು ಖರೇ.’

ಕಂಬಕ್ಕೆ ಒರಗಿ ಕೂತರು. ಮಾವನವರೂ ಕಾಕಾನೂ ಜಮಖಾನೆಯ ಮೇಲೆ ಎದುರು ಬದುರು ಕೂತರು. ಕಾಕಾ ಚಹಾ ಮುಟ್ಟಲಿಲ್ಲ. ಜನ ಹೋದರು, ಬಂದರು, ಬಾಗಿಲಲ್ಲಿ ಇಣುಕಿದರು. ಬಿಸಿಲು ಪಡಸಾಲೆಯ ಮೆಟ್ಟಿಲಿನಿಂದ ಒಂದೊಂದೇ ಕಲ್ಲು ಹಿಂದೆ ಸರಿಯಿತು. ಚಿಗವ್ವ ಒಂದು ಸಲ ಹೊಟ್ಟೆ ಹಿಡಿದುಕೊಂಡಾಗ ಎಲ್ಲರೂ ನೆಟ್ಟಗೆ ಕೂತರು. ಅವರು ಬರೀ ತೇಗಿದರು. ನಾನು ಒಳಗೆ ಜೋಳ ಹಸನು ಮಾಡಲು ಕೂತವಳು ಕಾಳು ಯಾವುದು ಹರಳು ಯಾವುದು ತಿಳಿಯದೆ ಎರಡನ್ನೂ ಒಂದೇ ಕಡೆ ಹಾಕುತ್ತಿದ್ದೆ. ಹೇಳಬೇಕು ಎಂದು ಏಳುತ್ತಿದ್ದೆ. ಶಿಗ್ಗಾವಿಯ ನನ್ನ ತವರಿನ ಅಂಗಳ ಕಣ್ಣ ಮುಂದೆ ಬಂದು, ಅಲ್ಲಿ ಅವ್ವ ನನ್ನನ್ನು ಗಂಟುಮೂಟೆ ಸಹಿತ ನೋಡುವುದು ಬಂದು, ಮತ್ತೆ ಕೂಡುತ್ತಿದ್ದೆ.

ಸಂಜೆಯ ಮೋಟಾರಿಗೆ ಹಿರೇಕೆರೂರಿನಿಂದ ಒಬ್ಬ ಆಳು ಬಂದ. ಅಂಗಳದಿಂದಲೇ ಕೂಗಿದ: ‘ಯಜಮಾನ್ರ, ಹುಡುಗ ಎದ್ದು ಕುಂತಾನ್ರಿ. ಗಂಜಿ ಬೇಡ್ಯಾನ.’

ಕಾಕಾ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಮಾವನವರು ‘ಶಿವಾ’ ಎಂದರು. ಅತ್ತೆ ದೇವರ ಮುಂದೆ ದೀಪ ಹಚ್ಚಲು ಓಡಿದರು. ಚಿಗವ್ವ ಕಂಬ ಹಿಡಿದುಕೊಂಡು ಎದ್ದರು. ಹೊತ್ತು ಬಹಳವಾಗಿ ಮೊಣಕಾಲು ಹಿಡಿದುಹೋಗಿತ್ತು. ಯಾರೂ ಕೈ ಕೊಡಲಿಲ್ಲ. ಬಾಗಿಲಲ್ಲಿದ್ದವರು ದಾರಿ ಬಿಟ್ಟರು, ಆದರೆ ಸೆರಗು ತಾಕದಂತೆ ಮೈ ಹಿಡಿ ಮಾಡಿಕೊಂಡು ಬಿಟ್ಟರು.

‘ಹುಡುಗನ ಆಯುಷ್ಯ ಗಟ್ಟಿ ಇತ್ತು, ಉಳದ’ ಎಂದಳು ಒಬ್ಬಳು. ‘ಇಲ್ಲಂದ್ರ ಬೂದಿ ಬೂದಿನ. ಅಕಿಗೆ ತಿಂದು ರೂಢಿ ಇರಬೇಕು.’

ನಾನು ಹೊಸ್ತಿಲು ದಾಟಿ ಪಡಸಾಲೆಗೆ ಬಂದೆ. ಗಂಡಸರ ಎದುರಿಗೆ ಆ ಮನೆಯಲ್ಲಿ ನಾನು ಅದೇ ಮೊದಲ ಸಲ ಬಾಯಿ ತೆರೆದದ್ದು.

‘ಬುತ್ತಿ ಕಟ್ಟಿದಾಕಿ ನಾನ್ರಿ. ಕಲಾಯಿ ಹ್ವಾದ ಡಬರಿಯೊಳಗ ಕಟ್ಟಿದೆ. ಬ್ಯಾಡ ಅಂತ ಅತ್ತಿ ಹೇಳಿದ್ರು. ಗೊತ್ತಿದ್ದು ಕಟ್ಟಿದೆ. ನೋಡ್ರಿ ಮುಚ್ಚಳದಾಗ.’

ಹುಡುಗ ಉಳಿದ ಸುದ್ದಿ ಬಂದ ಮೇಲೆ ನನಗೆ ಬಾಯಿ ಬಂತು. ಅದಕ್ಕೂ ಮೊದಲೇ ಬರಬೇಕಾಗಿತ್ತು. ಇಷ್ಟು ವರ್ಷದ ಮೇಲೂ ಇದಕ್ಕೆ ನನ್ನ ಹತ್ತಿರ ಸಮಾಧಾನವಿಲ್ಲ.

ಕಾಕಾ ಡಬರಿಯನ್ನು ಬೆಳಕಿಗೆ ಹಿಡಿದು ನೋಡಿದರು. ಮಕ್ಕಳು ತಿಂದದ್ದು ತಳದ ಬುತ್ತಿ, ತಾವು ಉಂಡದ್ದು ಮೇಲಿನದು ಎಂಬುದು ಅವರಿಗೆ ಆಗ ಹೊಳೆಯಿತು. ಮಾವನವರು ನನ್ನ ಗಂಡನ ಕಡೆ ತಿರುಗಿ, ‘ನಾಳೆ ಇಕಿನ್ನ ಶಿಗ್ಗಾವಿಗೆ ಬಿಟ್ಟು ಬಾ’ ಎಂದಷ್ಟೇ ಹೇಳಿದರು. ನನ್ನ ಗಂಡ ನೆಲ ನೋಡಿದರು. ಬೈಗುಳಕ್ಕೆ ಕಾದು ನಿಂತಿದ್ದ ನನಗೆ ಆಶ್ಚರ್ಯವಾದದ್ದು ಅತ್ತೆಯ ಮಾತು. ‘ಒಂದು ವರ್ಷದಿಂದ ಕಲಾಯಿ ಮಾಡಸ್ರಿ, ಹಾವೇರಿಗೆ ಕಳಸ್ರಿ ಅಂತ ಬಡಕೊಳ್ಳಾಕತ್ತೇನಿ. ಯಾರ ಕಿವಿ ಇತ್ತು ಈ ಮನಿಯೊಳಗ?’ ಎಂದು ಅವರು ಗಂಡಸರನ್ನೇ ನೋಡಿ ಹೇಳಿದರು. ಆದರೂ ಮರುದಿನ ನಾನು ಶಿಗ್ಗಾವಿಗೆ ಹೋದೆ.

ಕಾಕಾ ಅವತ್ತು ನಮ್ಮ ಮನೆಯಲ್ಲಿ ಉಣ್ಣಲಿಲ್ಲ, ಸೀರೆಯನ್ನು ಮಾತ್ರ ತಿರುಗಿ ತೆಗೆದುಕೊಂಡು ಹೋದರು. ಹೊರಡುವ ಮೊದಲು ಚಿಗವ್ವನ ಮನೆಯ ಬಾಗಿಲಿಗೆ ಹೋಗಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ‘ತಪ್ಪಾತವ್ವಾ’ ಎಂದರಂತೆ. ಚಿಗವ್ವ, ‘ಹುಡುಗಗ ಇನ್ನೆರಡು ದಿನ ಖಾರ ಕೊಡಬ್ಯಾಡ್ರಿ’ ಎಂದರಂತೆ. ಇದನ್ನು ನನಗೆ ಹೇಳಿದವರು ಅತ್ತೆ. ವೈಶಾಖದಲ್ಲಿ ಅದೇ ಹುಡುಗಿಯ ಜೊತೆ ಮೈದುನನ ಲಗ್ನ ಗೊತ್ತಾದಾಗ ನನ್ನನ್ನು ಕರೆಸಿಕೊಂಡರು. ಕ್ಷಮಿಸಿ ಕರೆಸಿದರೋ, ಲಗ್ನದ ಮನೆಯ ಕೆಲಸಕ್ಕೆ ಕೈ ಬೇಕಾಗಿತ್ತೋ, ನಾನು ಕೇಳಲಿಲ್ಲ. ಇನ್ನೊಂದು ಲಗ್ನದ ಮಾತು ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಳು.

ಯುದ್ಧ ಮುಗಿಯುವವರೆಗೆ ಚಿಗವ್ವ ಬಿಳಿಯ ಗೊಂಬೆಗಳನ್ನೇ ಮಾಡಿದರು. ಓಣಿಯ ಅರ್ಧ ಜನ ತಿರುಗಿ ಬಂದರು, ಅರ್ಧ ಜನ ಬರಲೇ ಇಲ್ಲ. ಖರೆ ಸಂಗತಿ ಗೊತ್ತಾದ ಮೇಲೂ ಕೆಲವರು ಅವರ ಮನೆಯ ಮುಂದೆ ಹಾಯುವಾಗ ಮಕ್ಕಳ ಕೈ ಹಿಡಿದುಕೊಳ್ಳುತ್ತಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ, ಗಂಟಲ ಬೇನೆಯಿಂದ, ಸವಣೂರಿನಲ್ಲಿ ತಮ್ಮನ ಮನೆಯಲ್ಲಿ ಅವರು ತೀರಿಕೊಂಡರು. ನನಗೆ ತಿಳಿದದ್ದು ಒಂದು ತಿಂಗಳಾದ ಮೇಲೆ.

ನಾನು ತವರಿನಲ್ಲಿದ್ದ ಆ ತಿಂಗಳುಗಳಲ್ಲಿ ಅವರು ಒಮ್ಮೆ ಬಂದಿದ್ದರು. ಸವಣೂರಿನಲ್ಲಿ ತಮ್ಮನ ಹತ್ತಿರ ಬಣ್ಣ ಏನಾದರೂ ಉಳಿದಿದೆಯೇ ನೋಡಿ ಬರಲು ಹೊರಟವರು, ಶಿಗ್ಗಾವಿಯಲ್ಲಿ ಮೋಟಾರು ಬದಲಿಸುವ ಹೊತ್ತಿಗೆ ನಮ್ಮ ಮನೆ ಹುಡುಕಿಕೊಂಡು ಬಂದರು. ಕಟ್ಟೆಯ ಮೇಲೆ ಕೂತರು. ಅವ್ವ ಮಜ್ಜಿಗೆ ಕೊಟ್ಟಳು. ನಾನು ಅವರ ಕಾಲಿಗೆ ಬೀಳಲು ಹೋದೆ, ಬಿಡಲಿಲ್ಲ.

‘ಡಬರಿ ನೋಡಿದ ಕೂಡ್ಲೆ ನಿಮಗ ತಿಳೀತು. ಯಾಕ ಹೇಳಲಿಲ್ಲ ಚಿಗವ್ವಾ? ಅಷ್ಟೊಂದು ಸಕ್ಕರಿ ತಿನ್ನೂದು ತಪ್ಪತಿತ್ತಲ್ಲ?’

‘ಅವರು ಕೇಳಿದ್ದು ಬಣ್ಣದ ಮಾತು. ಅದಕ್ಕ ನಾ ಜವಾಬು ಕೊಟ್ಟೆ. ಡಬರಿ ಮಾತು ನಿಂದು.’ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ‘ನಾ ಹೇಳಿದ್ರ ನೀ ಮುಚ್ಚಿಟ್ಟಾಕಿ ಆಗ್ತಿದ್ದಿ. ನೀನ ಹೇಳಿದ್ರ ತಪ್ಪು ಮಾಡಿದಾಕಿ ಅಷ್ಟ. ತಪ್ಪು ಮಾಡಿದಾಕಿನ್ನ ತಿರಗಿ ಕರಸ್ತಾರ.’

‘ನಾ ಹೇಳದ ಹೋಗಿದ್ರ?’

ಅವರು ಸೆರಗು ಸರಿಮಾಡಿಕೊಂಡು ಎದ್ದರು. ರಸ್ತೆಯಲ್ಲಿ ಸವಣೂರಿನ ಮೋಟಾರಿನ ಹಾರ್ನು ಕೇಳುತ್ತಿತ್ತು.

‘ಮರುದಿನ ಮುಂಜಾನೆ ನಾನ ಬಂದು ಹೇಳತಿದ್ದೆ’ ಎಂದರು. ‘ನಾ ಏನ್ ದೇವರೇನವ್ವಾ? ಆ ಓಣಿಯೊಳಗ ನಾನೂ ಬದುಕಬೇಕಲ್ಲ. ನಿನಗಂತ ಒಂದು ಸಂಜಿ ಬಿಟ್ಟಿದ್ದೆ. ಅಷ್ಟ ನನ್ನ ಕೈಯಾಗ ಆಗೂದಿತ್ತು.’